ಒಗರು ಭಾವ

ನನ್ನ ಭಾವ ಉಗಿಯುವುದರಲ್ಲಿ ನಿಪುಣರು. ಬೈಗುಳದ ಅರ್ಥದಲ್ಲಿ ಅದನ್ನು ನೆಂಟರಿಷ್ಟರೆಲ್ಲ ಬಲ್ಲರು. ನಾನು ಹೇಳುತ್ತಿರುವುದು ಕಸುಬಿನ ಅರ್ಥದಲ್ಲಿ. ರುಚಿ ನೋಡುವವರು ವೈನನ್ನು ನುಂಗುವುದಿಲ್ಲ. ಬಾಯಲ್ಲಿ ಹೊರಳಿಸಿ, ಕಣ್ಣುಮುಚ್ಚಿ, ಮಾರುದೂರದ ಬಕೆಟ್ಟಿಗೆ ಒಂದು ಹನಿಯೂ ಆಚೀಚೆ ಬೀಳದಂತೆ ಉಗಿಯುತ್ತಿದ್ದ ಆ ಮಹಾನುಭಾವರು, ತಮ್ಮ ಮಗಳು ಸ್ವತಃ ತಯಾರಿಸಿದ ಮೊದಲ ವೈನನ್ನು ಮಾತ್ರ, ಕೊಳ್ಳಲು ಬಂದ ವ್ಯಾಪಾರಿಗಳೆಲ್ಲರ ಎದುರಿಗೆ, ಬಕೆಟ್ಟು ಸರಿಸಲೆಂದು ಬಗ್ಗಿದ ನನ್ನ ಬಿಳಿ ಅಂಗಿಯ ಮೇಲೆ ಉಗಿದರು. ಕಾನ್ವೆಂಟಿನಲ್ಲಿ ಕಲಿತ ನಾನು ಉಗಿಸಿಕೊಂಡೂ ‘ಸಾರಿ’ ಎಂದೆ.

“ನಿನ್ನನ್ನ ಅಲ್ಲಿ ಬಗ್ಗು ಅಂದೋರ್ಯಾರು?” ಎಂದರು ಭಾವ. ಆಮೇಲೆ ಮಗಳ ಕಡೆ ತಿರುಗಿ, “ಗ್ಲಾಸು ಸರಿಯಾಗಿ ತೊಳ್ದಿದ್ಯಾ?”

ಅವಳ ವೈನಿನ ಬಗ್ಗೆ ಅವರಾಡಿದ ಮಾತು ಅದೊಂದೇ.

ಭಾವನ ದ್ರಾಕ್ಷಿತೋಟವಿರುವುದು ಬರೀ ಕಲ್ಲಿನ ಕಡಿದಾದ ಇಳಿಜಾರಿನಲ್ಲಿ. ಜೀವಮಾನವೆಲ್ಲ ಅದನ್ನು ಹತ್ತಿದ್ದರಿಂದ ಸಮತಟ್ಟಾದ ಅಡುಗೆಮನೆಯಲ್ಲೂ ಅವರು ಮುಂದಕ್ಕೆ ಬಾಗಿಯೇ ನಡೆಯುತ್ತಾರೆ, ಫ್ರಿಜ್ಜು ಯಾವುದೋ ಶಿಖರದ ಮೇಲಿದ್ದಂತೆ. ಕಂದು ಕೋಟಿನ ಬಲತೋಳು, ಬಾಯಿ ಒರೆಸಿ ಒರೆಸಿ, ನೇರಳೆಯಾಗಿದೆ. ಕೆಳಗೆ ಹೊಳೆ ಹರಿಯುತ್ತದೆ. ಮೇಲೆ ಬಳ್ಳಿಗಳು ಅದನ್ನು ನೋಡುತ್ತ ಬಾಯಾರಿ ನಿಂತಿರುತ್ತವೆ. ಹಣ್ಣು ಪುಟ್ಟದು, ಸಿಪ್ಪೆ ದಪ್ಪ; ಅದರಿಂದಿಳಿದ ಕೆಂಪು ವೈನಿನಲ್ಲಿ ಸಿಹಿಯ ಲವಲೇಶವಿಲ್ಲ. ಮೊದಲು ಬಿಸಿಲಿಗೆ ಕಾದ ಕಲ್ಲಿನ ವಾಸನೆ, ಆಮೇಲೆ ನಾಲಗೆಯನ್ನು ಅಂಗುಳಿಗೆ ಅಂಟಿಸಿಬಿಡುವ ಒಗರು, ಕೊನೆಗೆ, ಎಲ್ಲ ಮುಗಿಯಿತೆಂದುಕೊಂಡಾಗ, ಹಣ್ಣಿನ ಒಂದು ಕ್ಷೀಣ ಸ್ಮರಣೆ. ನೀರಿಲ್ಲದ ನೆಲದ ರಸವೆಂದು ನಾನದಕ್ಕೆ ‘ನೀರಸ’ವೆಂಬ ಹೆಸರು ಸೂಚಿಸಿದ್ದೆ. ಭಾವ ನಗಲಿಲ್ಲ.

ಬಂದವರಿಗೆಲ್ಲ ಅವರದು ಒಂದೇ ಉಪದೇಶ: “ಬಳ್ಳಿಗೆ ನೀರು ತೋರಿಸ್ಬಾರ್ದು ಕಣ್ರೀ. ಸುಖ ಕಂಡ್ರೆ ಬೇರು ಮೇಲೇ ಮಲಗಿಬಿಡುತ್ತೆ. ಬಾಯಾರಿದ್ರೆ ತಾನೇ ಕಲ್ಲು ಸೀಳ್ಕೊಂಡು ಇಳಿಯೋದು?” ಜನ ತಲೆದೂಗುತ್ತಿದ್ದರು. ಈ ವೇದಾಂತ ತೋಟದಲ್ಲೇ ನಿಂತಿದ್ದರೆ ನಾನೂ ತಲೆದೂಗುತ್ತಿದ್ದೆ. ಅದು ಚಪ್ಪಲಿ ಬಿಟ್ಟು ಮನೆಯೊಳಕ್ಕೂ ಬಂತು. ಮಗಳು ಓಟದಲ್ಲಿ ಗೆದ್ದು ಕಪ್ಪು ಹಿಡಿದು ಓಡಿಬಂದರೆ, “ಎಷ್ಟು ಜನ ಓಡಿದ್ರು?” ಎಂದು ಕೇಳಿದರು. ನನ್ನಕ್ಕ ತೀರಿಕೊಂಡ ವಾರ, ಅಮ್ಮನಿಲ್ಲದೆ ಅಳುತ್ತಿದ್ದ ಅದೇ ಮಗುವಿನ ಬೆನ್ನು ಸವರದೆ, ಕೈಗೆ ಕತ್ತರಿ ಕೊಟ್ಟು ಗೊಂಚಲು ಕೊಯ್ಯಲು ಕಳಿಸಿದರು. “ಗಟ್ಟಿಯಾಗ್ತಾಳೆ ಬಿಡು,” ಎಂದರು ನನಗೆ. ಗಟ್ಟಿಯಾದಳು, ಸುಳ್ಳಲ್ಲ.

ಹೊಳೆಯಾಚೆ ಬಯಲಿನ ದೊಡ್ಡ ವೈನರಿಯವರು ಈಗ ಅವಳನ್ನು ಕೆಲಸಕ್ಕೆ ಕರೆದಿದ್ದರು. “ಅಪ್ಪ ಒಂದೇ ಒಂದ್ಸಲ ಚೆನ್ನಾಗಿದೆ ಅಂದ್ರೆ ಸಾಕು ಮಾವ, ಇಲ್ಲೇ ಇದ್ದುಬಿಡ್ತೀನಿ,” ಎಂದಿದ್ದಳು ಆ ಬೆಳಿಗ್ಗೆ, ತೊಳೆದ ಗ್ಲಾಸುಗಳನ್ನೇ ಮತ್ತೆ ತೊಳೆಯುತ್ತ.

ಕಷ್ಟದಲ್ಲೇ ಸಾರವಿದೆಯೆಂದು ನಂಬಿದವರಿಗೆ ಕಷ್ಟ ಕೊಡುವುದೂ ಒಂದು ಬಗೆಯ ವಾತ್ಸಲ್ಯವಾಗಿಯೇ ಕಾಣುತ್ತದೆ. ಅಂಥವರನ್ನು ದ್ವೇಷಿಸಲಾಗದು, ಅವರೊಡನೆ ಬಾಳಲೂ ಆಗದು. ವರ್ಷಗಳುರುಳಿದರೆ ಒಗರು ತಾನಾಗಿ ಮೆತ್ತಗಾಗುತ್ತದೆಂದು ಬಲ್ಲವರು ಹೇಳುತ್ತಾರೆ. ಕಾದು ಕಾದು ತೆರೆದ ಮೇಲೆ ಬರೀ ಹುಳಿಯಾಗಿದ್ದ ಬಾಟಲಿಗಳ ವಿಚಾರವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ವ್ಯಾಪಾರಿಗಳು ಹೋದ ಮೇಲೆ ಅವಳು ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಳು.

“ಅಪ್ಪ, ಒಂದು ಕೇಳ್ಲಾ? ಬಳ್ಳಿಗೆ ನೀರು ಕೊಡ್ಬಾರ್ದು ಅಂತ ನಿಂಗೆ ಹೇಳ್ಕೊಟ್ಟಿದ್ದು ಯಾರು?”

ಭಾವ ನೇರಳೆ ತೋಳಿನಿಂದ ಬಾಯೊರೆಸಿಕೊಂಡರು.

“ಯಾರೂ ಹೇಳ್ಕೊಡ್ಲಿಲ್ಲಮ್ಮ. ನಮ್ಮ ಪೈಪು ಅಷ್ಟು ಮೇಲಕ್ಕೆ ಎಟುಕ್ತಿರಲಿಲ್ಲ.”