ಜೋಡಿ ಟಿಕ್

ಅಣ್ಣ ಬೆಸುಗೆ ಹಾಕುತ್ತಿದ್ದ, ತಂಗಿ ಪ್ರೋಗ್ರಾಂ ಬರೆಯುತ್ತಿದ್ದಳು. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಇಬ್ಬರೂ ಎದೆಬಡಿತ ಎಣಿಸುವ ಯಂತ್ರ ಮಾಡುತ್ತಿದ್ದರು. ಪ್ರತಿ ಬಡಿತಕ್ಕೂ ಪರದೆಯ ಮೇಲೆ ಒಂದು ಚೂಪು ಅಲೆ ಏಳುತ್ತದೆ, ಅದರ ಬೆನ್ನಿಗೇ ಒಂದು ದುಂಡು ಅಲೆ. ಯಂತ್ರ ಚೂಪಾದದ್ದನ್ನಷ್ಟೇ ಗುರುತಿಸಿ ಟಿಕ್ ಅನ್ನಬೇಕು. ಪರೀಕ್ಷೆಗೆ ಬೇರೆ ಎದೆ ಎಲ್ಲಿಂದ ತರೋದು? ಅಣ್ಣನೇ ಅಂಗಿ ಬಿಚ್ಚಿ, ತಂತಿ ಅಂಟಿಸಿಕೊಂಡು ಕೂರುತ್ತಿದ್ದ.

ಆ ವಾರ ಯಂತ್ರ ಆಗಾಗ ಜೋಡಿ ಟಿಕ್ ಅನ್ನತೊಡಗಿತು.

"ನಿನ್ನ ಯಂತ್ರಕ್ಕೆ ಬಿಕ್ಕಳಿಕೆ ಬಂದಿದೆ, ನೀರು ಕುಡಿಸು," ಅಂದ ಅಣ್ಣ.

"ದುಂಡು ಅಲೆನೂ ಎಣಿಸ್ತಿದೆ ಕಣೋ ಅಣ್ಣ," ಅಂದಳು. ಒಂದು ಬಡಿತ ಹಿಡಿದ ಮೇಲೆ ರೆಪ್ಪೆ ಮಿಟುಕಿಸುವಷ್ಟು ಹೊತ್ತು ಯಂತ್ರ ಕಿವುಡಾಗುವ ಹಾಗೆ ಮೊದಲೇ ಬರೆದಿದ್ದಳು. ಆ ಹೊತ್ತನ್ನು ಇನ್ನಷ್ಟು ಹಿಗ್ಗಿಸಿದಳು. ಜೋಡಿ ಟಿಕ್ ನಿಂತಿತು.

"ಬಾಯಿ ಮುಚ್ಚಿಸೋದ್ರಲ್ಲಿ ಚಿಕ್ಕಂದಿನಿಂದ್ಲೂ ನಿನ್ನದೇ ಎತ್ತಿದ ಕೈ," ಎಂದು ನಕ್ಕ ಅಣ್ಣ.

ಓಡಾಡುವಾಗಲೂ ಎಣಿಕೆ ಸರಿಬರುತ್ತದೆಯೇ ನೋಡಬೇಕಿತ್ತು. ಮರುದಿನ ಅವನು ಯಂತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ಮೆಟ್ಟಿಲು ಹತ್ತಿಳಿಯತೊಡಗಿದ. ಟಿಕ್ ಟಿಕ್ ಸದ್ದು ಮೇಲೆ ಬರುತ್ತಿತ್ತು, ಮತ್ತೆ ಇಳಿದು ಹೋಗುತ್ತಿತ್ತು. ತಂಗಿ ಹಿಂದಿನ ದಿನ ಉಳಿಸಿಟ್ಟ ಅಲೆಗಳ ಗೆರೆಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತ ಕೂತಳು. ಜೋಡಿ ಟಿಕ್ ಬಂದಲ್ಲೆಲ್ಲ ದುಂಡು ಅಲೆಯ ಮೈಮೇಲೆ ಇನ್ನೊಂದು ಬಡಿತ ಹತ್ತಿ ಕೂತಿತ್ತು. ಅಗಲವಾಗಿ, ಸೊಟ್ಟಗೆ, ಹೊತ್ತಿಗೆ ಮುಂಚೆಯೇ ಬಂದ ಬಡಿತ. ಯಂತ್ರ ಸುಳ್ಳು ಹೇಳಿರಲಿಲ್ಲ. ಅವಳು ಎದ್ದು ಬಾಗಿಲಿಗೆ ಓಡಿದಳು.

"ಅಣ್ಣಾ, ಹತ್ತಬೇಡ! ಅಲ್ಲೇ ಕೂತ್ಕೋ!"

ಟಿಕ್ ಟಿಕ್ ಈಗ ಹತ್ತದೆ ಇಳಿಯದೆ ಒಂದೇ ಕಡೆಯಿಂದ ಬರುತ್ತಿತ್ತು.

ಮೆಟ್ಟಿಲ ತಿರುವಿನಲ್ಲಿ ಅವನು ಗೋಡೆಗೊರಗಿ ಕುಸಿದಿದ್ದ. ಮುಖ ಬೂದಿ ಬಳಿದಂತಿತ್ತು. ಕುತ್ತಿಗೆಯ ನರ ಹುಚ್ಚು ಹಿಡಿದಂತೆ ಹಾರುತ್ತಿತ್ತು. ಯಂತ್ರ ಮಾತ್ರ, ಅವಳು ಹಿಗ್ಗಿಸಿದ ಕಿವುಡಿನಿಂದಾಗಿ, ಎರಡು ಬಡಿತಕ್ಕೆ ಒಂದರಂತೆ ಎಣಿಸುತ್ತ ನಿಮಿಷಕ್ಕೆ ಎಪ್ಪತ್ತೈದು ಎಂದು ತೋರಿಸುತ್ತಿತ್ತು. ಪಕ್ಕದಲ್ಲೇ, ಎಲ್ಲ ಸರಿಯಿದೆ ಅನ್ನುವ ಹಸಿರು ದೀಪ.

ಅವಳ ಕೂಗಿಗೆ ಸೈಕಲ್ ಅಂಗಡಿಯವನು ಓಡಿಬಂದು, ಅಣ್ಣನನ್ನು ಹೆಗಲಿಗೇರಿಸಿ, ತನ್ನ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ದ. ಅಲ್ಲಿ ಎದೆಗೆ ಕರೆಂಟು ಕೊಟ್ಟು ಬಡಿತವನ್ನು ಹಳಿಗೆ ತಂದರು.

"ಮುಂಚೆ ಏನೂ ಸೂಚನೆ ಇರಲಿಲ್ವಾ?" ಡಾಕ್ಟರು ಕೇಳಿದರು.

"ಇತ್ತು," ಅಂದಳು. "ನಾನೇ ಸುಮ್ಮನಾಗಿಸಿದೆ."

ಸಂಜೆ ಅಣ್ಣ ಕಣ್ಣು ಬಿಟ್ಟ. ವಾರ್ಡಿನಲ್ಲಿ ಹಾಸಿಗೆಗೊಂದು ಯಂತ್ರ, ಎಲ್ಲವೂ ಒಂದೇ ಸಮ ಟಿಕ್ಕೆನ್ನುತ್ತಿದ್ದವು. ತಂಗಿ ಅವನ ಮಣಿಕಟ್ಟು ಹಿಡಿದು ಬಾಯೊಳಗೇ ಎಣಿಸುತ್ತಿದ್ದಳು.

"ಪರದೆ ಮೇಲೇ ಕಾಣುತ್ತಲ್ಲಮ್ಮ," ಅಂದಳು ನರ್ಸ್.

ತಂಗಿ ಕೈ ತೆಗೆಯಲಿಲ್ಲ.