ಭುಜ ಬೇಡದ ಬಾಗಿಲು

ಮನೆ ಮಾರುವುದೆಂದು ತೀರ್ಮಾನವಾದದ್ದೇ ತಡ, ದರ್ಜಿಯ ಹೆಂಡತಿ ಟೊಂಕ ಕಟ್ಟಿ ನಿಂತಳು. "ನೋಡೋಕೆ ಬಂದೋರಿಗೆ ಇಲ್ಲಿ ಯಾರೋ ಸಂಸಾರ ಮಾಡ್ತಿದಾರೆ ಅನ್ನೋ ಗುಮಾನೀನೂ ಬರಬಾರದು," ಎಂದು ಕಟ್ಟಪ್ಪಣೆ ಮಾಡಿದಳು. ಸೋರುವ ನಲ್ಲಿ ಬಾಯಿ ಮುಚ್ಚಿತು, ಗೋಡೆಗೆ ಬಣ್ಣ ಬಂತು. ಹಳೇ ಪಾತ್ರೆಗಳು, ಹರಿದ ಕೊಡೆ, ಬಟ್ಟೆಯ ಗಂಟುಗಳು ಎಲ್ಲ ಕಣ್ಮರೆಯಾದವು. ಎಲ್ಲಿಗೆ ಹೋದವೆಂದು ಕೇಳುವ ಧೈರ್ಯ ದರ್ಜಿಗಿರಲಿಲ್ಲ.

ಭಾನುವಾರ ಸಂಜೆ ಮನೆ ನೋಡಲು ಗಂಡ ಹೆಂಡತಿ ಬಂದರು. ದರ್ಜಿ ಮದುಮಗನ ಗತ್ತಿನಲ್ಲಿ ಮುಂದೆ ನಡೆದ. ಮಲಗುವ ಕೋಣೆಯ ಬಾಗಿಲು ಮೊದಲಿನಿಂದಲೂ ಹಟಮಾರಿ. ಭುಜ ಕೊಟ್ಟು ನೂಕದಿದ್ದರೆ ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ. ಅವನು ಎಂದಿನಂತೆ ಭುಜ ಕೊಟ್ಟ. ಆದರೆ ಅಂದು ಬೆಳಿಗ್ಗೆ, ಅವನು ಅಂಗಡಿಯಲ್ಲಿದ್ದಾಗ, ಹೆಂಡತಿ ಬಡಗಿಯನ್ನು ಕರೆಸಿ ಅದರ ಅಂಚು ಕೀಸಿಸಿದ್ದಳು. ಬಾಗಿಲು ಗಾಳಿಯಂತೆ ತೆರೆದುಕೊಂಡಿತು. ದರ್ಜಿ ಹಾರಿ ಹೋಗಿ ಮಂಚದ ಮೇಲೆ ಬೋರಲು ಬಿದ್ದ. ನೆಲದವರೆಗೆ ಇಳಿಬಿಟ್ಟಿದ್ದ ಹೊಸ ಹಾಸಿನಡಿಯಿಂದ ಆ ಹಳೇ ಪಾತ್ರೆಗಳು ಡಣಡಣ ಉರುಳಿದವು, ಕೊಡೆ ಬಿಚ್ಚಿಕೊಂಡಿತು.

ಕೊಳ್ಳಲು ಬಂದಾಕೆ ಗಂಡನ ತೋಳು ತಿವಿದಳು. "ಇವರೂ ನಮ್ಮ ಥರಾನೇ ಕಣ್ರೀ! ಇಷ್ಟು ಸಾಮಾನು ಹಿಡಿಸಿದ ಮನೇಲಿ ನಮ್ದೂ ಹಿಡಿಸುತ್ತೆ. ಇದನ್ನೇ ತಗೊಳ್ಳೋಣ."

ಅವರು ಹೋದ ಮೇಲೆ ದರ್ಜಿ ಮೊಣಕಾಲು ಉಜ್ಜಿಕೊಳ್ಳುತ್ತ ನಕ್ಕ. "ಬಾಗಿಲು ಸರಿ ಮಾಡಿಸಿದ್ದನ್ನ ಒಂದು ಮಾತು ಹೇಳಬಾರದಿತ್ತೇನೆ?"

"ಸರಿ ಮಾಡಿಸಿ ಅಂತ ಇಪ್ಪತ್ತು ವರ್ಷ ಹೇಳಿದ್ನಲ್ಲ," ಎಂದಳು ಹೆಂಡತಿ, ಕೊಡೆ ಮಡಚುತ್ತ.