ಕೆಮ್ಮದೆ ಉಳಿದ ಹೊತ್ತು

ಅಜ್ಜಿಯ ಕಷಾಯದ ಪುಡಿಗೆ ಇಡೀ ಬೀದಿಯೇ ಗಿರಾಕಿ. ಯಾರ ಗಂಟಲು ಕಟ್ಟಿದರೂ ಸೀದಾ ಮಹಡಿ ಹತ್ತಿ ಬರುತ್ತಿದ್ದರು. ಮೊದಲೇ ಮಾಡಿಟ್ಟ ಪುಡಿಯನ್ನು ಅವಳು ಪ್ರಾಣ ಹೋದರೂ ಕೊಡುತ್ತಿರಲಿಲ್ಲ. ಬಂದವರ ಎದುರಿಗೇ ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು, ಒಣಶುಂಠಿ ಸೇರಿಸಿ ಕುಟ್ಟಬೇಕು. ಕಣ್ಣು ಮಂಜಾದ ಮೇಲೂ ಕೆಲಸ ನಿಲ್ಲಲಿಲ್ಲ. "ಹುರಿಯೋದು ಕಣ್ಣಲ್ಲಲ್ಲ ಕಣೇ, ಮೂಗಲ್ಲಿ" ಅನ್ನುತ್ತಿದ್ದಳು.

ಕಳೆದ ಚಳಿಗಾಲದ ಜ್ವರ ಆ ಮೂಗನ್ನೂ ಕೆಡಿಸಿತು. ಅದು ಗೊತ್ತಿದ್ದದ್ದು ಮೊಮ್ಮಗಳೊಬ್ಬಳಿಗೇ.

"ಯಾರ ಹತ್ರಾನೂ ಬಾಯಿಬಿಡಬೇಡ. ಘಮ ಬಂದ ತಕ್ಷಣ ಸಣ್ಣಗೆ ಕೆಮ್ಮು, ನಾನು ಬಾಣಲೆ ಇಳಿಸ್ತೀನಿ."

"ಹಾಗಾದ್ರೆ ಮೂಗು ನಂದು, ಹೆಸರು ನಿಂದು!"

"ಅಬ್ಬಾ, ಮಾತು ಬಂತಲ್ಲ ನನ್ನ ಗುಮ್ಮನಗುಸುಕಿಗೆ!"

ಡಿಗ್ರಿ ಮುಗಿಸಿದರೂ ಹೊರಗಿನವರೆದುರು ಅವಳ ಬಾಯಿಗೆ ಬೀಗ. ಕೆಮ್ಮುವುದಕ್ಕೇನು, ಮಾತು ಬೇಕಾಗಿರಲಿಲ್ಲ. ಕೆಲಸ ಸಲೀಸಾಗಿ ಸಾಗಿತ್ತು, ಕೆಳಗಿನ ಮನೆಯ ಮೇಷ್ಟ್ರು ಬರುವವರೆಗೆ.

ಮೂಗು ಕಟ್ಟಿ, ದನಿ ಕೂತು, ಮಾತುಮಾತಿಗೂ ಕೆಮ್ಮುತ್ತ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಮಕ್ಕಳು ನನ್ನ ಕೆಮ್ಮನ್ನೇ ಅಣಕಿಸ್ತಾವೆ ಅಜ್ಜಿ. ಬೋರ್ಡಿನ ಕಡೆ ತಿರುಗಿದ್ರೆ ಸಾಕು, ಹಿಂದಿನ ಬೆಂಚಲ್ಲಿ ಖೊಕ್ ಖೊಕ್ ಶುರು" ಎಂದು ನಗಲು ಹೋಗಿ ಮತ್ತೆ ಕೆಮ್ಮಿದರು.

ಆಗಲೇ ಬಾಣಲೆಯಿಂದ ಘಮ ಎದ್ದಿತು. ಮೊಮ್ಮಗಳ ಗಂಟಲು ಸಿದ್ಧವಾಯಿತು. ಈಗ ಕೆಮ್ಮಿದರೆ ತಾನೂ ಅಣಕಿಸಿದಂತಾಗುವುದಿಲ್ಲವೇ? ಅವರದ್ದು ನಿಲ್ಲಲಿ, ಆಮೇಲೆ... ಅಜ್ಜಿಯ ಕೈ ಸಟ್ಟುಗ ಆಡಿಸುತ್ತಲೇ ಇತ್ತು, ಕಿವಿ ಮಾತ್ರ ಇವಳ ಕಡೆಗೆ. ಘಮ ಘಾಟಾಯಿತು, ಘಾಟು ಸೀದ ವಾಸನೆಯಾಯಿತು. "ಸಾಕು ಅಜ್ಜಿ" ಅಂದಿದ್ದರೂ ಆಗುತ್ತಿತ್ತು. ನಾಲಿಗೆ ಏಳಲಿಲ್ಲ.

ಕುದಿಸಿ ಕೊಟ್ಟದ್ದನ್ನು ಮೇಷ್ಟ್ರು ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಇವತ್ತು ಔಷಧಿ ಸ್ವಲ್ಪ ಜೋರಾಗೇ ಇದೆ" ಎಂದು ಲೋಟ ಕೆಳಗಿಟ್ಟರು.

ಅವರು ಹೋದ ಮೇಲೆ ಅಜ್ಜಿ ಪಾತ್ರೆಯಲ್ಲಿ ಉಳಿದದ್ದನ್ನು ನಾಲಿಗೆಗೆ ಹಚ್ಚಿಕೊಂಡಳು. ಕಹಿ ತಿಳಿಯಲು ಮೂಗು ಬೇಕಿರಲಿಲ್ಲ.

"ಸೀದುಹೋಗಿದೆ."

ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಾಣಲೆಯನ್ನು ಉಜ್ಜಿ ಅಟ್ಟದ ಮೇಲೆ ಬೋರಲು ಹಾಕಿದಳು. ಅಲ್ಲಿಂದಾಚೆ ಯಾರು ಬಂದರೂ ಒಂದೇ ಮಾತು: "ಅಂಗಡೀಲಿ ಪೊಟ್ಟಣ ಸಿಗುತ್ತಲ್ಲಪ್ಪ, ಅದನ್ನೇ ತಗೊಳ್ಳಿ."

ಅವತ್ತು ತನಗೆ ವಾಸನೆ ಬಂದಿತ್ತು ಎಂದು ಹೇಳಲು ಮೊಮ್ಮಗಳು ಎಷ್ಟೋ ಸಲ ಅಜ್ಜಿಯ ಪಕ್ಕದಲ್ಲಿ ಕೂತಳು, ಎದ್ದಳು. ಅಜ್ಜಿಯೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಮೊಮ್ಮಗಳು ತಾನೇ ಅಟ್ಟದಿಂದ ಬಾಣಲೆ ಇಳಿಸಿ ಒಲೆಯ ಮೇಲಿಟ್ಟಳು. ಜೀರಿಗೆ ಘಮ್ಮೆಂದಿತು. ನಡುಮನೆಯಲ್ಲಿದ್ದ ಅಜ್ಜಿಗೆ ಕೇಳುವಂತೆ ಕೆಮ್ಮಿದಳು. ಮತ್ತೊಮ್ಮೆ, ಇನ್ನೂ ಜೋರಾಗಿ.

"ಶೀತ ಆಯ್ತೇನೇ?" ಅಜ್ಜಿಯ ದನಿ ಬಂತು. "ಬಿಸಿನೀರು ಕುಡಿ."

ಅಜ್ಜಿ ಎದ್ದು ಬರಬಹುದೆಂದು ಸಟ್ಟುಗ ಹಿಡಿದು ನಿಂತೇ ಇದ್ದಳು. ಕೊನೆಗೆ ಬಾಣಲೆಯನ್ನು ತಾನೇ ಇಳಿಸಬೇಕಾಯಿತು.